ವರದವ್ವನ ನಾಲ್ಕು ಬೆರಳು

ಶಬನಮ ಹರಕು ಗೋಣಿಚೀಲಗಳನ್ನು ಸೀಳಿ ಹುರಿ ಮಾಡಿ, ಒಂದೊಂದನ್ನೇ ಕೆಸರಲ್ಲಿ ಅದ್ದಿ ಬುಟ್ಟಿಗೆ ಹಾಕುತ್ತಿದ್ದಳು. ಎದುರಿಗೆ ಅವಳ ಅಪ್ಪ ಅಲ್ಲಾಭಕ್ಷ ಹೊಳೆಗೆ ಅಡ್ಡ ಕಟ್ಟಿದ ಬಾಂದಾರದ ಹಲಗೆಗಳನ್ನು ತಿರುವಿ ತಿರುವಿ ನೋಡುತ್ತಿದ್ದ. ಇಬ್ಬರೂ ಮಾತಾಡಲಿಲ್ಲ. ಮಳೆಗಾಲ ಮುಗಿದು ವರದಾ ಹೊಳೆಯ ನೀರು ತಿಳಿಯಾದ ಮೇಲೆ ಬಾಂದಾರದ ಕಂಡಿಗಳಿಗೆ ಹಲಗೆ ಇಳಿಸಿ, ಸಂದಿಗೆ ಈ ಹುರಿ ತುರುಕಿ ನೀರು ನಿಲ್ಲಿಸುವುದು ಹದಿನೆಂಟು ವರ್ಷದಿಂದ ಅವನ ಕೆಲಸ. ಮೊಣಕಾಲು ಹಿಡಿದುಕೊಂಡ ಮೇಲೆ ಅವನು ದಂಡೆಯಲ್ಲಿ ನಿಲ್ಲುತ್ತಾನೆ, ನೀರಿಗೆ ಮಗಳು ಇಳಿಯುತ್ತಾಳೆ.

ಮೂರನೇ ಕಂಡಿಯಲ್ಲಿ ಮಾತ್ರ ತಳದ ಹಲಗೆಯ ಕೆಳಗೆ ಅವನು ಎರಡು ಗುಂಡುಕಲ್ಲು ಇಡುತ್ತಿದ್ದ. ನಾಲ್ಕು ಬೆರಳಿನ ಸಂದಿ ಉಳಿದು, ಬೇಸಿಗೆಯೆಲ್ಲ ಕೆಳಗಿನ ಮಡುವಿಗೆ ಅಷ್ಟು ನೀರು ಹರಿಯುತ್ತಿತ್ತು. ಆ ಮಡುವಿನಲ್ಲಿ ಬಾಳೆಮೀನುಗಳಿದ್ದವು. ಒಂದು ಜೋಡಿ ನೀರುನಾಯಿಗಳಿದ್ದವು. ಗಂಡಸರು ಹೊಲದಲ್ಲಿರುವ ಹೊತ್ತಿಗೆ ಊರಿನ ಹುಡುಗಿಯರು ಒಣ ಸೋರೆಬುರುಡೆ ಬೆನ್ನಿಗೆ ಕಟ್ಟಿಕೊಂಡು ಅಲ್ಲಿ ಈಜು ಕಲಿಯುತ್ತಿದ್ದರು. ಶಬನಮಳೂ ಅಲ್ಲೇ ಕಲಿತವಳು. ನಾಲ್ಕು ಜನರೆದುರು ಬಾಯಿ ಬಿಡದ ಅವಳು ಆ ನೀರಿನಲ್ಲಿ ಮಾತ್ರ ಗಟ್ಟಿಯಾಗಿ ನಗುತ್ತಿದ್ದಳು.

ಹೋದ ವರ್ಷ ಬೇಸಿಗೆಯಲ್ಲಿ ನೀರು ಹಂಚುವ ಕಮಿಟಿಯವರು ಹೊಲಗಳಿಗೆ ಸಾಲದೆಂದು ಹನ್ನೊಂದು ದಿನ ಆ ಸಂದಿಯನ್ನೂ ಮುಚ್ಚಿಸಿದ್ದರು. ನಾಲ್ಕನೇ ದಿನ ಮೀನುಗಳು ಬಾಯಿ ಮೇಲೆ ಮಾಡಿ ತೇಲಿದವು. ಹತ್ತನೇ ದಿನ ಕಾಗೆ, ಹದ್ದುಗಳು ಉಳಿದದ್ದನ್ನು ಮುಗಿಸಿದವು. ನೀರುನಾಯಿಗಳು ಮತ್ತೆ ಕಾಣಲಿಲ್ಲ. ಮತ್ತೆ ಸಂದಿ ಬಿಟ್ಟರೂ ಮಡು ತುಂಬಿಕೊಳ್ಳಲು ಮುಂದಿನ ಮಳೆಗಾಲ ಬರಬೇಕಾಯಿತು. ಈ ವರ್ಷ ಮೊದಲ ದಿನದಿಂದಲೇ ಕಲ್ಲು ಇಡಕೂಡದು ಎಂದು ಕಮಿಟಿಯ ಅಧ್ಯಕ್ಷ ಚನ್ನವೀರಪ್ಪ ನಿನ್ನೆ ಹೇಳಿ ಕಳಿಸಿದ್ದ. ಅಲ್ಲಾಭಕ್ಷ "ಆತ್ರಿ" ಅಂದುಬಿಟ್ಟಿದ್ದ. ಮನೆಯಲ್ಲಿ ಮಾತು ನಿಂತದ್ದು ಆಗಿನಿಂದ.

ಬಾಂದಾರದ ದಂಡೆಯ ಹುಣಸೆಮರದ ಕೆಳಗೆ ಆಗಲೇ ಜನ ಕೂತಿದ್ದರು. ಯಾರಿಗೆ ಎಷ್ಟು ನೀರು ಎಂಬ ಪಟ್ಟಿಯನ್ನು ಓದಿ, ಹಲಗೆ ಇಳಿಸುವುದು ರೂಢಿ. ಪಟ್ಟಿ ಬರೆದವಳು ಶಬನಮ. ಏಳನೇ ಇಯತ್ತೆಗೇ ಸಾಲೆ ಬಿಟ್ಟಿದ್ದರೂ ಅವಳ ಅಕ್ಷರ ಚೆಂದ ಎಂದು ಚನ್ನವೀರಪ್ಪನೇ ಮನೆಮನೆಗೆ ಕಳಿಸಿ ಬರೆಸಿದ್ದ. ನಿನ್ನೆ ಸಂಜೆ ಅದನ್ನು ಕೊಡುವ ಮುಂಚೆ, ನಲವತ್ತೊಂದು ಹೆಸರಾದ ಮೇಲೆ ಅವಳು ಇನ್ನೊಂದನ್ನು ಸೇರಿಸಿದ್ದಳು. ಅದನ್ನು ನೋಡಿ ಅವನು ತನ್ನನ್ನು ಕರೆದು ಕೇಳುತ್ತಾನೆ, ಒಬ್ಬನೇ ಇದ್ದಾಗ ಹೇಳಬಹುದು ಎಂದು ಎಣಿಸಿದ್ದಳು. ಅವನು ನೋಡಿಯೇ ಇರಲಿಲ್ಲ.

ಚನ್ನವೀರಪ್ಪ ಓದುತ್ತ ಹೋದ. ಹೆಸರು ಬಂದವರು ಹೂಂ ಅನ್ನುತ್ತ ಹೋದರು.

"ವರದವ್ವ ಹೊಳಿ. ನಾಕ ಬೆರಳು, ಮೂರನೇ ಕಂಡಿ."

ಯಾರೂ ಹೂಂ ಅನ್ನಲಿಲ್ಲ.

"ಯಾರ್ರೀ ಈಕಿ? ಯಾವ ಓಣ್ಯಾಕಿ?"

ಹೊಳಿ ಎನ್ನುವ ಅಡ್ಡಹೆಸರಿನ ಎರಡು ಮನೆ ಊರಿನಲ್ಲಿದ್ದವು. ಆ ಮನೆಯ ಶರಣು ತಲೆ ಕೆರೆದುಕೊಂಡ. ಹತ್ತಿಮತ್ತೂರಿಗೆ ಕೊಟ್ಟಿದ್ದ ಅಜ್ಜನ ತಂಗಿ ಇದ್ದರೂ ಇರಬಹುದು, ಹೆಸರು ನೆನಪಿಲ್ಲ ಎಂದ. ಆಕೆ ಇನ್ನೂ ಇದ್ದಾಳೆಯೇ ಎಂದು ಯಾರೋ ಕೇಳಿದರು. ಹಿಂದೆ ಕೂತಿದ್ದ ಸಾವಂತ್ರವ್ವನಿಗೆ ಕನಿಕರ ಬಂತು.

"ಬರೇ ನಾಕ ಬೆರಳ ಕೇಳ್ಯಾಳ, ಪಾಪ. ಮುಂದ ಬಂದು ಮಾತಾಡವ್ರು ಇಲ್ಲದಾಕಿ. ನಿಮ್ಮ ಎಲಿತೋಟಕ್ಕ ಪೈಪ್ ತುಂಬ ಬರತೈತಿ, ಆಕಿಗೂ ಒಂದೀಟ ಬಿಡ್ರಿ."

"ಬ್ಯಾಡ ಅಂದೇನೇನಬೇ? ನಾ ಯಾರ ಪಾಲೂ ನುಂಗಿದಾವಲ್ಲ," ಎಂದು ಚನ್ನವೀರಪ್ಪ ಹೆಸರಿನ ಮುಂದೆ ಗುರುತು ಹಾಕಿದ. ಆಮೇಲೆ ಕನ್ನಡಕ ಸರಿಮಾಡಿಕೊಂಡ. "ಸರ್ವೆ ನಂಬರ ಬರದಿಲ್ಲಲ್ಲ. ಶಬನಮ, ಆಕಿ ಹೊಲ ಎಲ್ಲೈತವಾ?"

ಎಲ್ಲರೂ ತಿರುಗಿ ನೋಡಿದರು. ಹತ್ತಿಮತ್ತೂರಿನ ಮುದುಕಿಯೇ ಎಂದರೆ ಸಾಕಿತ್ತು, ಗುರುತು ಬಿದ್ದಾಗಿತ್ತು. ಆದರೆ ಇಲ್ಲದ ಮುದುಕಿಯ ಹೆಸರಿನಲ್ಲಿ ನಿಂತದ್ದು ಎಷ್ಟು ದಿನ ನಿಂತೀತು? ಶಬನಮ ಎದ್ದು ನಿಂತಳು.

"ಹೊಲ ಇಲ್ಲರಿ ಆಕಿಗೆ," ಎಂದಳು. "ಇಲ್ಲೇ ಹರ್ಯಾಕತ್ತಾಳಲ್ರಿ."

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ತಿಳಿದ ಮೇಲೆ ನಗು ಎದ್ದಿತು.

"ಚಲೋ ಆತು," ಎಂದ ಶರಣು, "ಈ ಅಜ್ಜಿ ನಾಳೆ ನಮ್ಮ ಮನ್ಯಾಗೂ ಪಾಲ ಕೇಳ್ತಾಳ."

ಚನ್ನವೀರಪ್ಪ ನಗಲಿಲ್ಲ. ಹೊಳೆಯ ಹೆಸರಿನಲ್ಲಿ ಜಮೀನಿನ ಉತಾರ ಇದೆಯೇ ಎಂದು ಕೇಳಿದ. ಇಲ್ಲ ಎಂದಳು. ಉತಾರ ಇಲ್ಲದವರಿಗೆ ಪಟ್ಟಿಯಲ್ಲಿ ಜಾಗವಿಲ್ಲ ಎಂದ. ಆದರೆ ತಾನೇ ಹಾಕಿದ ಗುರುತಿನ ಮೇಲೆ ಪೆನ್ನು ಹಿಡಿದು ಹಾಗೇ ಕೂತ. ಆಮೇಲೆ ಹೆಸರು ಹೊಡೆಯದೆಯೇ ಪಟ್ಟಿಯನ್ನು ಮಡಚಿ, ಹಲಗೆ ಇಳಿಸಲು ಹೇಳಿದ.

ಶಬನಮ ನೀರಿಗಿಳಿದಳು. ಮೊದಲನೇ ಕಂಡಿ ಮುಚ್ಚಿದರು, ಎರಡನೆಯದನ್ನು ಮುಚ್ಚಿದರು. ನಾಲ್ಕು, ಐದೂ ಆದವು. ಮೂರನೆಯದು ಉಳಿಯಿತು. ಹುರಿಗೆಂದು ಬುಟ್ಟಿಗೆ ಕೈ ಹಾಕಿದಾಗ ತಳದಲ್ಲಿ ಏನೋ ಗಟ್ಟಿಯಾಗಿ ತಾಗಿತು. ಎರಡು ಗುಂಡುಕಲ್ಲು. ಬುಟ್ಟಿ ತುಂಬಿದವಳು ಅವಳೇ, ಕಲ್ಲು ಇಟ್ಟವಳು ಅವಳಲ್ಲ. ತಲೆ ಎತ್ತಿ ನೋಡಿದಳು. ದಂಡೆಯ ಮೇಲೆ ಅಪ್ಪ ಮೊಣಕಾಲು ತಿಕ್ಕಿಕೊಳ್ಳುತ್ತ ಬೇರೆ ಕಡೆ ನೋಡುತ್ತಿದ್ದ.

ಅವಳು ಎರಡೂ ಕೈಯಲ್ಲಿ ಕಲ್ಲು ಹಿಡಿದು ಎಲ್ಲರಿಗೂ ಕಾಣುವಂತೆ ಮೇಲೆತ್ತಿದಳು. ನೀರು ಸೊಂಟದ ಮಟ್ಟ ಇತ್ತು.

"ಕಾಕಾರ, ಇವನ್ನ ಇಡತೇನ್ರಿ. ನಾಕ ಬೆರಳ ಬಿಡ್ರಿ."

ಹುಣಸೆಮರದ ಕೆಳಗೆ ಚನ್ನವೀರಪ್ಪ ಮಡಚಿದ ಪಟ್ಟಿಯನ್ನು ಮತ್ತೆ ಬಿಚ್ಚಿದ. ಕಂಡಿಯಲ್ಲಿ ನೀರು ಹರಿಯುತ್ತಿತ್ತು.