ನಾಲ್ಕನೆಯ ಮೂಲೆ

ಈ ಆಟೋದವನಿಗೆ ಬ್ರೇಕ್ ಹಾಕುವುದನ್ನು ಯಾರೂ ಹೇಳಿಕೊಟ್ಟಿಲ್ಲ, ಮತ್ತೆ ಧಡಕ್ಕೆಂದು ನಿಲ್ಲಿಸಿದ, ಭಯ್ಯಾ ಧೀರೇ — ಸರಳಾ ಮಡಿಲಿನ ಕೌದಿಯನ್ನು ಎದೆಗವುಚಿಕೊಂಡಳು, ಅವುಚಿಕೊಂಡ ಮೇಲೆ ಇನ್ನೂ ಸಿಟ್ಟು ಬಂತು, ಇನ್ನೇನು ಉಳಿದಿದೆ ಅಂತ ಕಾಪಾಡುವುದು, ದೆಹಲಿಯ ಹೌಜ್ ಖಾಸ್‌ನ ಆ ಪ್ರದರ್ಶನದ ಹಾಲ್‌ನಿಂದ ವಸಂತ್ ಕುಂಜ್‌ನ ಮನೆಗೆ ಹೊತ್ತೊಯ್ಯುತ್ತಿರುವುದು ಬರೀ ಬಟ್ಟೆ, ಮತ್ತು ತಾನು ಥ್ಯಾಂಕ್ಯೂ ಎಂದಳು! ಹಲ್ಲು ಕಿರಿದು, ಥ್ಯಾಂಕ್ಯೂ ಪೊನ್ನಮ್ಮ ಅವರೇ ಎಂದಳು, ಆ ನಾಲಿಗೆಗೆ ಬರೆ ಎಳೆಯಬೇಕು. ಪ್ರದರ್ಶನಕ್ಕೆ ಇಡುವುದನ್ನು ಒಂದು ವಾರ ಮೊದಲೇ ನನ್ನ ಮನೆಗೆ ತಲುಪಿಸಿಬಿಡಿ ಎಂದರು, ತಲುಪಿಸಿದಳು, ಶನಿವಾರದ ಕ್ವಿಲ್ಟಿಂಗ್ ಕ್ಲಬ್ಬಿನ ಹನ್ನೊಂದು ಹೆಂಗಸರಲ್ಲಿ ತನ್ನನ್ನು ಬಿಟ್ಟರೆ ಕನ್ನಡದವರು ಅವರೊಬ್ಬರೇ, ಕರ್ನಲ್ ಹೆಂಡತಿ, ಕೊಡಗಿನವರು, ನಮ್ಮವರು ಎಂದು ನಂಬಿ ಕೊಟ್ಟಳು. ಇವತ್ತು ಹೋಗಿ ನೋಡಿದರೆ ಗೋಡೆಯ ಮೇಲೆ ತನ್ನ ಕೌದಿ, ಅದರ ನಾಲ್ಕನೆಯ ಮೂಲೆ ಇಸ್ತ್ರಿ ಹಾಕಿದ ಕರ್ಚೀಫಿನ ಹಾಗೆ ಚಪ್ಪಟೆ, ಅಂಚಿಗೆ ಮೆಷೀನಿನ ಎರಡು ಗೆರೆ, ನೆಟ್ಟಗೆ, ತನ್ನ ಕೈ ಎಂದೂ ಹೊಲಿಯದಷ್ಟು ನೆಟ್ಟಗೆ. ಸರಳಾ ಅವರೇ, ಒಂದು ಮೂಲೆ ಉಬ್ಬಿಕೊಂಡಿತ್ತು ನೋಡಿ, ಬಿಚ್ಚಿದ್ರೆ ಒಳಗೆ ಏನೋ ಒಣಗಿದ್ದು, ಪುಡಿಪುಡಿ, ಇಲಿ ಎಳ್ಕೊಂಡು ಬಂದಿರ್ಬೇಕು, ತೆಗೆದು ಡಸ್ಟ್‌ಬಿನ್ನಿಗೆ ಹಾಕಿ ಮೆಷೀನಲ್ಲಿ ಹೊಲಿದ್ಬಿಟ್ಟೆ, ಪಾಪುಗೆ ಹೊದಿಸೋದಲ್ವಾ, ಹೈಜೀನ್ ನೋಡ್ಬೇಕು, ಎಂದರು ಪೊನ್ನಮ್ಮ. ಯಾವಾಗ ಎಂದು ಕೇಳಿದಳು, ಮಂಗಳವಾರ, ಯಾಕೆ, ಅವತ್ತೇ ಕಸದ ಗಾಡಿ ತಗೊಂಡು ಹೋಯ್ತಲ್ಲ. ಆಮೇಲೆ ಆ ಥ್ಯಾಂಕ್ಯೂ.

ಇಲಿಯಂತೆ, ಇಲಿ! ಕೌದಿಯ ಮೂರು ಮೂಲೆ ಮುಗಿದ ಮೇಲೆ ನಾಲ್ಕನೆಯದರಲ್ಲಿ ನಾಲ್ಕು ಬೆರಳಿನಷ್ಟು ಬಾಯಿ ಬಿಡಬೇಕು, ಅದರೊಳಗೆ ಒಂದು ಚೂರು ರೊಟ್ಟಿ ಇಟ್ಟು ಮುಚ್ಚಬೇಕು, ಧಾರವಾಡದ ಮನೆಯ ಪಡಸಾಲೆಯಲ್ಲಿ ಕಾಲು ಚಾಚಿ ಕೂತ ಅವ್ವ ಹೇಳಿಕೊಟ್ಟದ್ದು, ಉಪವಾಸ ಇಡಬಾರದವ್ವಾ ಸರಳಾ, ಕೌದಿಗೂ ಹೊಟ್ಟಿ ಅದ, ಮತ್ತ ಏನ ಹಾಕೀನಿ ಅಂತ ಯಾರ ಮುಂದನೂ ಹೇಳಬ್ಯಾಡ. ಹೇಳಲಿಲ್ಲ, ಅದೇ ತಪ್ಪಾಯಿತು, ಒಂದು ಚೀಟಿ ಬರೆದು ಪಿನ್ನು ಚುಚ್ಚಿದ್ದರೆ ಸಾಕಿತ್ತು, ಈ ಮೂಲೆ ಮುಟ್ಟಬೇಡಿ ಎಂದು, ಆದರೆ ಬರೆದರೆ ಹೇಳಿದ ಹಾಗೇ ಅಲ್ಲವೇ — ಟೇಬಲ್ ಮ್ಯಾಟು, ಕುಶನ್ ಕವರು, ಚೀಲ, ಕ್ಲಬ್ಬಿಗೆ ಸೇರಿದ ಮೇಲೆ ಏನೆಲ್ಲ ಹೊಲಿದಳು, ಅವು ಹೊತ್ತು ಕಳೆಯುವುದಕ್ಕೆ, ಯಾರು ಏನು ಬಿಚ್ಚಿದ್ದರೂ ನಕ್ಕುಬಿಡುತ್ತಿದ್ದಳು. ಇದು ಹಾಗಲ್ಲ, ಇದಕ್ಕೆ ಏಳು ತಿಂಗಳು, ಅವ್ವನ ಇಳಕಲ್ ಸೀರೆ, ಗಂಡ ಮಹಂತೇಶನ ಹಳೆಯ ಸಫಾರಿ, ಮಗಳು ಅನನ್ಯಾಳ ಶಾಲೆಯ ನೀಲಿ ಲಂಗ, ಎಲ್ಲ ನೆಲದ ಮೇಲೆ ಹರವಿ, ಈ ಕೆಂಪಿನ ಪಕ್ಕಕ್ಕೆ ಆ ನೀಲಿ ಕೂರುತ್ತದೋ ಇಲ್ಲವೋ ಎಂದು ಸರಿಸಿ ಸರಿಸಿ ನೋಡುವ ಸುಖ, ದಾರ ಎಳೆದಾಗ ಬಟ್ಟೆ ಸಣ್ಣಗೆ ಸುಕ್ಕುಗಟ್ಟುವ ಸುಖ, ಬೆರಳು ತೂತು ಬಿದ್ದರೂ ಸುಖವೇ. ಆ ರೊಟ್ಟಿ ಅಂಗಡಿಯದ್ದಲ್ಲ. ಹೋದ ಸಂಕ್ರಾಂತಿಗೆ ಅವ್ವ ಬಡಿದ ಕಡಕ್ ರೊಟ್ಟಿ, ಮಾರ್ಚಿಗೆ ಅವ್ವನೇ ಇಲ್ಲ, ಡಬ್ಬಿಯಲ್ಲಿ ಉಳಿದಿದ್ದ ನಾಲ್ಕನ್ನು ದೆಹಲಿಗೆ ತಂದು, ಮೂರೂವರೆಯನ್ನು ಚೂರು ಚೂರಾಗಿ ತಿಂದು, ಕೊನೆಯ ಅರ್ಧವನ್ನು ಮೊಮ್ಮಗುವಿಗೆಂದು ಕೌದಿಗೆ ಉಣಿಸಿದ್ದಳು. ಈಗ ಬೇರೆ ಚೂರು ಎಲ್ಲಿಂದ ತರಬೇಕು, ಯಾವ ಕೈ ಬಡಿಯಬೇಕು, ಬಿಚ್ಚಿ ಮತ್ತೆ ಹೊಲಿ ಎನ್ನುವುದಕ್ಕೆ ಅದೇನು ಕುಶನ್ನೇ, ಹೆಬ್ಬೆರಳು ತಾನಾಗಿಯೇ ಆ ಮೂಲೆಗೆ ಹೋಗಿ ಒತ್ತುತ್ತದೆ, ಚಪ್ಪಟೆ, ಮತ್ತೆ ಒತ್ತುತ್ತದೆ, ಆಟೋ ನಿಂತಿತ್ತು, ಮೇಡಂ ಉತರಿಯೇ, ಗೇಟ್ ಆ ಗಯಾ.

ಮೆಟ್ಟಿಲು ಹತ್ತುತ್ತ ಒಂದು ಮಾತು ಗಟ್ಟಿ ಮಾಡಿಕೊಂಡಳು, ಅನನ್ಯಾಗೆ ಹೇಳುವುದು ಬೇಡ, ಎಂಟು ತಿಂಗಳ ಬಸುರಿ, ಬಾಣಂತನಕ್ಕೆ ಬಂದವಳು, ಅವಳಿಗೇನು ಗೊತ್ತು ರೊಟ್ಟಿಯ ಸಂಗತಿ, ದೆಹಲಿಯಲ್ಲೇ ಹುಟ್ಟಿ ಹಿಂದಿಯಲ್ಲಿ ಕನಸು ಕಾಣುವ ಹುಡುಗಿ, ಗೊತ್ತಿಲ್ಲದ್ದು ಕಳೆದರೆ ನೋವಿಲ್ಲ, ಈ ಸಿಟ್ಟು ತನಗೊಬ್ಬಳಿಗೇ ಇರಲಿ, ಪೊನ್ನಮ್ಮನ ಮೆಷೀನನ್ನು ಮನಸ್ಸಿನಲ್ಲೇ ಬಾಲ್ಕನಿಯಿಂದ ಎಸೆಯುತ್ತ ಇದ್ದುಬಿಟ್ಟರಾಯಿತು. ಅಮ್ಮಾ ದಿಖಾವೋ ನಾ, ಎಲ್ಲರಿಗೂ ಇಷ್ಟ ಆಯ್ತಾ, ಅನನ್ಯಾ ಸೋಫಾದಿಂದಲೇ ಕೈ ಚಾಚಿ ಎಳೆದುಕೊಂಡಳು, ಹೊಟ್ಟೆಯ ಮೇಲೆ ಹರವಿಕೊಂಡಳು, ನನ್ನ ಸ್ಕರ್ಟ್ ಇಲ್ಲಿದೆ, ಸೋ ಕ್ಯೂಟ್ — ಅವಳ ಬೆರಳು ಯಾಕೆ ಮೂಲೆಗೆ ಹೋಗುತ್ತಿದೆ, ಒಂದನೆಯದು ಬಿಟ್ಟಳು, ಎರಡನೆಯದು, ಮೂರನೆಯದು, ಹೋಗಬೇಡ, ಬಿಡು ಅದನ್ನು, ಚಹಾ ಮಾಡಲೇನೇ ಎಂದು ಕೇಳಿದಳು ಸರಳಾ, ಅನನ್ಯಾ ಕೇಳಿಸಿಕೊಳ್ಳಲಿಲ್ಲ. ಅಮ್ಮಾ, ಅಜ್ಜಿ ಕೀ ರೊಟ್ಟಿ ಇಲ್ಲೇ ಹಾಕಿದ್ದೆ ಅಲ್ವಾ, ನಾನು ಬಾಗಿಲಿಂದ ನೋಡಿದ್ದೆ, ನೀನು ಅಳ್ತಾ ಇದ್ದೆ, ಅದಕ್ಕೇ ಏನೂ ಕೇಳಲಿಲ್ಲ, ಡೈಲಿ ಇಲ್ಲಿ ಮುಟ್ಟಿ ಬೇಬಿಗೆ ಹೇಳ್ತಿದ್ದೆ, ಯೇ ಅಜ್ಜಿ ಹೈ ಅಂತ, ಎಲ್ಲಿದೆ ಅಮ್ಮಾ. ಪೊನ್ನಮ್ಮ, ಇಲಿ, ಮಂಗಳವಾರದ ಗಾಡಿ, ದಾರಿಯುದ್ದಕ್ಕೂ ಬೈದದ್ದೆಲ್ಲ ಎಲ್ಲಿ ಹೋಯಿತೋ, ಕಾಣುತ್ತಿದ್ದದ್ದು ಮಗಳ ಎರಡು ಬೆರಳು, ಆ ಚಪ್ಪಟೆ ಮೂಲೆ, ಬೆರಳು ಒತ್ತುತ್ತದೆ, ಹುಡುಕುತ್ತದೆ, ಮತ್ತೆ ಒತ್ತುತ್ತದೆ —