ಎರಕದ ಹೊತ್ತಿಗೆ ಹೊರಗೆ

ಸಂಘದ ಸಭೆಗೆ ಹೊರಗಿನಿಂದ ಬಂದ ಆ ಅಧಿಕಾರಿ ಹೆಂಗಸಿನ ಕನ್ನಡಕ ಮತ್ತೆ ಜಾರಿತು, ಮಾತು ಮಾತಿಗೂ ಜಾರುತ್ತದೆ, ಮೇಲೆತ್ತಿಕೊಂಡು ನನ್ನನ್ನೇ ನೋಡುತ್ತಾಳೆ, ಅಯ್ಯೋ ಪಾಪ ಎನ್ನುವ ನೋಟ, ನನಗೆ ಮೈಯೆಲ್ಲ ಉರಿಯುತ್ತದೆ — ಪಾಪ ಯಾರಮ್ಮ, ಗಡಿಯಾರದ ಗೋಪುರದಲ್ಲಿ ಬಾರಿಸುವ ಆ ಗಂಟೆಯ ಅಚ್ಚು ಮಾಡಿದವಳು ನಾನು, ಮಣ್ಣು ಸೋಸಿ, ನಾದಿ, ಒಳಮೈ ನುಣುಪು ಮಾಡಿದವಳು, ಬೇಕಾದರೆ ಕಿವಿಗೊಟ್ಟು ಕೇಳು. ಮನುಷ್ಯರಿಗೆಲ್ಲ ಒಂದೇ ಹಕ್ಕು ಕಣಮ್ಮ, ಯಾವ ದೇಶ ಆದ್ರೂ, ಯಾವ ಮನೆ ಆದ್ರೂ, ಅನ್ನುತ್ತಾಳೆ ಆಕೆ, ಒಳ್ಳೆಯ ಮಾತೇ, ಆದರೆ ಮಗುವಿಗೆ ಔಷಧಿ ಕುಡಿಸುವ ದನಿ ಯಾಕೆ. ಇತ್ತ ನನ್ನ ಮೈದುನ, ಗಂಟೆ ಕಸುಬಿನ ಸಂಘಕ್ಕೆ ಅಧ್ಯಕ್ಷ, ಕುರ್ಚಿಯಲ್ಲಿ ಉಬ್ಬಿಕೊಂಡು ಕೂತಿದ್ದಾನೆ, ಮೇಡಂ, ನಿಮ್ಮ ಹಕ್ಕು ನಿಮ್ಮೂರಲ್ಲಿ ಇಟ್ಕೊಳ್ಳಿ, ನಮ್ಮ ಕಸುಬಿಗೆ ನಮ್ಮದೇ ರೀತಿ ಇದೆ, ಅಚ್ಚು ಹೆಂಗಸರದು, ಎರಕ ಗಂಡಸರದು, ಕಂಚು ಕರಗಿದ ಮೇಲೆ ಹೆಂಗಸರು ಹೊರಗೆ, ಅವರಿಗೇ ಬೇಜಾರಿಲ್ಲ, ನಮ್ಮ ಅತ್ತಿಗೇನೇ ಕೇಳಿ.

ಅತ್ತಿಗೇನೇ ಕೇಳಬೇಕಂತೆ. ಇವನ ಮೂಗು ಒರೆಸಿ ಬೆಳೆಸಿದವಳು ನಾನು, ಈಗ ನನ್ನ ಬಾಯಿಯೂ ಇವನದೇ ಎನ್ನುವ ಹಾಗೆ ಮಾತಾಡುತ್ತಾನೆ. ಬೇಜಾರಿಲ್ಲವೇ — ಮದುವೆಯಾದ ಹೊಸದು, ನನ್ನ ಮೊದಲ ಅಚ್ಚು, ಎರಕದ ಮನೆಯ ಬಾಗಿಲು ಹಾಕಿಕೊಂಡರು, ಹಿತ್ತಿಲ ಗೋಡೆಗೆ ಕೆನ್ನೆ ಒತ್ತಿ ನಿಂತಿದ್ದೇನೆ, ಗೋಡೆ ಬಿಸಿ, ಒಳಗೆ ಗಂಡಸರ ಕೂಗು, ನನ್ನ ಅಚ್ಚು ತುಂಬುತ್ತಿದೆ, ನಾನು ನೋಡಲಿಲ್ಲ, ಇವತ್ತಿಗೂ ನೋಡಿಲ್ಲ, ಹೆತ್ತ ಮಗುವನ್ನು ತೋರಿಸದೆ ಎತ್ತಿಕೊಂಡು ಹೋದ ಹಾಗೆ — ಅತ್ತೆ ಬಂದರು, ಹೀಗೇ ಇರೋದು ಕಣೇ, ಬಾ, ಊಟ ಮಾಡು ಅಂದರು, ಮಾಡಿದೆ. ಮಗಳು ಹಾಗಲ್ಲ. ಹೋದ ವಾರ ಬಾಗಿಲು ಹಾಕುವ ಹೊತ್ತಿಗೆ ಅವಳು ಹೊರಗೆ ಬರಲೇ ಇಲ್ಲ, ಅಚ್ಚು ನಂದು ಚಿಕ್ಕಪ್ಪ, ಕಂಚೂ ನಾನೇ ಹೊಯ್ತೀನಿ ಅಂದಳಂತೆ, ಹೊಯ್ದಳು, ಒಂದು ಗುಳ್ಳೆಯಿಲ್ಲದೆ ಗಂಟೆ ಬಂತು, ಈಗ ಅದನ್ನು ಒಡೆದು ಕರಗಿಸಬೇಕಂತೆ, ಅವಳು ಇನ್ನು ಎರಕದ ಮನೆಗೆ ಕಾಲಿಡಬಾರದಂತೆ, ಅದಕ್ಕೇ ಈ ಸಭೆ, ಅವಳು ಕೊಟ್ಟ ದೂರಿಗೇ ಈ ಅಧಿಕಾರಿ. ಅಗೋ, ಕಂಬದ ಪಕ್ಕ ನಿಂತಿದ್ದಾಳೆ, ತಲೆ ತಗ್ಗಿಸಿಲ್ಲ, ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ಎಷ್ಟು ಹೆಮ್ಮೆ ನನಗೆ, ಇಲ್ಲೇ ಎದ್ದು ಕೂಗಿ ಹೇಳಬೇಕು ಅನ್ನಿಸುತ್ತದೆ. ನಮ್ಮ ರೀತಿ, ನಮ್ಮ ರೀತಿ — ಮಣ್ಣು ಹದ ಮಾಡುವುದು ನಮ್ಮ ರೀತಿ, ಅದನ್ನು ಜಗತ್ತಿನ ಯಾವ ಅಧಿಕಾರಿಗೂ ಬಿಟ್ಟುಕೊಡುವವಳಲ್ಲ ನಾನು, ಆದರೆ ಆ ಬಾಗಿಲು ಹಾಕುವುದು ಯಾರ ರೀತಿ, ನನ್ನನ್ನು ಯಾರು ಕೇಳಿದ್ದರು. ನಿಮ್ಮೂರ ಹಕ್ಕು ಅನ್ನುತ್ತಾನೆ, ಆ ಬಿಸಿ ಗೋಡೆಯ ಹತ್ತಿರ ನಾನು ಅತ್ತಾಗ ಯಾವ ಊರಿನವರೂ ಬಂದು ಹೇಳಿಕೊಟ್ಟಿರಲಿಲ್ಲ, ಆದರೂ ಅದು ಅನ್ಯಾಯ ಅಂತ ನನಗೆ ಗೊತ್ತಿತ್ತು.

ಹುಡುಗಿ ಎರಕದ ಮನೇಲಿ ಇರಲಿ ಅನ್ನೋರು ಕೈ ಎತ್ತಿ, ಮೈದುನ ಕೇಳುತ್ತಿದ್ದಾನೆ, ನಗುತ್ತಲೇ, ಗಂಡಸರೆಲ್ಲ ನೆಲ ನೋಡುತ್ತಿದ್ದಾರೆ, ಒಂದು ಕೈಯೂ ಇಲ್ಲ, ಇಲ್ಲ, ಒಂದಿದೆ, ಯಾರದು, ಬಳೆ ಜಾರಿ ಮೊಣಕೈಗೆ ಬಂತು, ನನ್ನದೇ — ಇಳಿಸಿ ಅತ್ತಿಗೆ, ಹೆಂಗಸರ ಕೈ ಲೆಕ್ಕಕ್ಕಿಲ್ಲ — ಗೊತ್ತು ಕಣೋ, ಎಣಿಸು, ಉಗುರಲ್ಲಿ ಮಣ್ಣಿದೆ, ಭುಜ ನೋಯುತ್ತಿದೆ, ಎಣಿಸು, ಕೈ, ಎಲ್ಲರ ತಲೆಯ ಮೇಲೆ ನನ್ನ ಕೈ, ಕೈ —