ಎರಡೂ ಎಡಗಡೆಯವು

ಆರ್ಡಿಸ್ ಕಾಫಿಯ ಲೋಟವನ್ನು ತುಟಿಗೆ ಒಯ್ಯುತ್ತಿದ್ದಾಗ ಡ್ವೇನ್ ಟೋಲೆಫ್ಸನ್ ಎದ್ದು ನಿಂತು ಚಮಚದಿಂದ ತನ್ನ ಲೋಟವನ್ನು ಟಣಟಣ ಬಡಿದ. ಚರ್ಚಿನ ನೆಲಮಾಳಿಗೆಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ ತಿನ್ನುತ್ತಿದ್ದ ಎಂಬತ್ತು ಜನರ ಮಾತು ಮೇಜಿನಿಂದ ಮೇಜಿಗೆ ತಣ್ಣಗಾಗುತ್ತ ಬಂದು ನಿಂತಿತು. ಅವಳ ಗಂಡ ವರ್ಲಿನ್ ಹೌಗೆನ್‌ನನ್ನು ಮಣ್ಣು ಮಾಡಿ ಬಂದು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ.

"ನನಗೆ ಭಾಷಣ ಗೀಷಣ ಬರಲ್ಲ," ಅಂದ ಡ್ವೇನ್. "ವರ್ಲಿನ್ ಮೂವತ್ತೊಂದು ವರ್ಷ ಈ ಕೌಂಟಿ ರಸ್ತೆ ಮೇಲಿನ ಹಿಮ ತಳ್ಳಿದ. ಗಂಟೆಗೆ ಹತ್ತು ಮೈಲಿಗಿಂತ ಜೋರಾಗಿ ಅವನು ಗಾಡಿ ಓಡಿಸಿದ್ದನ್ನ ಯಾರಾದ್ರೂ ನೋಡಿದ್ದೀರಾ?"

ಜನ ಮೆಲ್ಲಗೆ ನಕ್ಕರು.

"ಅಂಥವನು ಹಿತ್ತಲ ಶೆಡ್ಡಲ್ಲಿ ವಿಮಾನ ಕಟ್ಟಿದ. ಮುಗಿಯೋವರೆಗೂ ಯಾರೂ ನೋಡಬಾರದು ಅಂತ ಬೀಗ ಹಾಕಿದ್ದ. ಆದ್ರೆ ಶನಿವಾರ ಶನಿವಾರ ತಿಂಡಿ ಹೊತ್ತಿಗೆ ನಮ್ಮ ವಿಮಾನದ ಗುಂಪಿಗೆ ಸುದ್ದಿ ಹೇಳ್ತಿದ್ದ. ರೆಕ್ಕೆ ಎರಡೂ ಆಯ್ತು, ಒಡಲು ಅರ್ಧ ಆಯ್ತು ಅಂತ. ಮಿಕ್ಕಿದ್ದನ್ನ ನಾವು ಕಟ್ಟಿ ಮುಗಿಸ್ತೀವಿ. ಬರೋ ಬೇಸಿಗೆಗೆ ಅದು ಹಾರುತ್ತೆ. ಟ್ರೈಲರ್ ತಂದಿದ್ದೀವಿ, ಊಟ ಆದ ಮೇಲೆ ಇವತ್ತೇ ಹೋಗಿ ತರ್ತೀವಿ."

ಚಪ್ಪಾಳೆ ಬಿತ್ತು. ಆ ಲುಥೆರನ್ ಚರ್ಚಿನಲ್ಲಿ ಸಾವಿನ ಊಟಕ್ಕೆ ಚಪ್ಪಾಳೆ ಬಿದ್ದದ್ದು ಅದೇ ಮೊದಲಿರಬೇಕು. ಆರ್ಡಿಸ್ ಕಾಫಿಯನ್ನು ಕುಡಿಯದೆ ಕೆಳಗಿಟ್ಟಳು.

ರೆಕ್ಕೆ ಇರಲಿಲ್ಲ. ಒಡಲೂ ಇರಲಿಲ್ಲ. ಶೆಡ್ಡಿನಲ್ಲಿ ಇದ್ದದ್ದು ಒಂದು ಬಾಲ, ಅದೂ ತಪ್ಪಾದ ಬಾಲ. ಈ ಸಂಗತಿ ಇಡೀ ಊರಲ್ಲಿ ಅವಳೊಬ್ಬಳಿಗೇ ಗೊತ್ತು. ಅವಳಿಗಾದರೂ ಗೊತ್ತಾದದ್ದು ಐದು ದಿನದ ಹಿಂದೆ, ಶೆಡ್ಡಿನ ನೆಲದ ಮೇಲೆ ಅವನ ಹೆಣದ ಪಕ್ಕ ಮಂಡಿಯೂರಿ ಕೂತಾಗ. ಇನ್ನೊಂದು ಗಂಟೆಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಸುಳ್ಳ ಅನ್ನುತ್ತಾರೆ. ಪಾಪ ಅನ್ನುತ್ತಾರೆ, ಆಮೇಲೆ ನಗುತ್ತಾರೆ. ಅದಕ್ಕಿಂತ ತಾನೂ ಅವನ ಜೊತೆ ಹೋಗಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ನಿಜವಾಗಿಯೂ ಅನ್ನಿಸಿತು.

"ಕಿರ್ಸ್ಟನ್," ಎಂದು ಪಕ್ಕದಲ್ಲಿದ್ದ ಮಗಳ ಮೊಣಕೈ ಹಿಡಿದಳು. "ಕಾರಿನ ಕೀಲಿ ಕೊಡು."

"ಈಗಲಾ? ಜನ ಎಲ್ಲ ಕೂತಿದ್ದಾರಮ್ಮ. ನೀನೇ ಎದ್ದು ಹೋದ್ರೆ ಏನಂತಾರೆ?"

"ಹೊಟ್ಟೆ ಸರಿಯಿಲ್ಲ ಅಂತ ಹೇಳು."

"ಹಾಗಾದ್ರೆ ನಾನೂ ಬರ್ತೀನಿ."

"ಬೇಡ. ನೀನು ಡ್ವೇನ್‌ಗೆ ಇನ್ನೊಂದು ಪ್ಲೇಟು ಹಾಕಿಕೊಡು. ಬೇಡ ಅಂದ್ರೂ ಹಾಕು."

*

ಮನೆಯಲ್ಲಿ ವಿಮಾನ ಕಟ್ಟುವವರೆಲ್ಲ ಶುರು ಮಾಡುವುದು ಬಾಲದಿಂದ. ಬಾಲ ಚಿಕ್ಕದು, ಅದರ ಮೇಲೆ ಕೈ ಪಳಗುತ್ತದೆ. ಬಾಲದ ಬಿಡಿಭಾಗಗಳ ಪೆಟ್ಟಿಗೆ ಮನೆಗೆ ಬಂದಾಗ ವರ್ಲಿನ್‌ಗೆ ಐವತ್ತಾರು ವರ್ಷ. ಚಿಕ್ಕ ಮಗುವಿನ ತೊಟ್ಟಿಲಿನ ಹಾಗೆ ಅದನ್ನು ಎರಡು ದಿನ ಊಟದ ಕೋಣೆಯಲ್ಲೇ ಇಟ್ಟುಕೊಂಡಿದ್ದ.

ತಗಡುಗಳನ್ನು ಕೂಡಿಸುವ ರಿವೆಟ್ ಮೊಳೆ ಹೊಡೆಯುವುದು ಒಂಟಿಯಾಗಿ ಆಗುವ ಕೆಲಸವಲ್ಲ. ಒಬ್ಬರು ತಗಡಿನ ಈ ಕಡೆಯಿಂದ ಗಾಳಿ ಬಂದೂಕಿನಲ್ಲಿ ಹೊಡೆಯಬೇಕು, ಇನ್ನೊಬ್ಬರು ಆ ಕಡೆಯಿಂದ ಉಕ್ಕಿನ ಗಟ್ಟಿಯೊಂದನ್ನು ನೇರವಾಗಿ ಒತ್ತಿ ಹಿಡಿಯಬೇಕು. ಕೈ ಒಂದಿಷ್ಟು ವಾಲಿದರೂ ರಿವೆಟ್ ಸೊಟ್ಟಗಾಗುತ್ತದೆ. ಆರ್ಡಿಸಳ ಕೈ ಸಣ್ಣದು, ಎಂಥ ಸಂದಿಯಲ್ಲೂ ತೂರುತ್ತಿತ್ತು.

"ಹಿಡಿದ್ಯಾ?"

"ಹಿಡಿದೆ."

"ಹೊಡೀಲಾ?"

"ಹೊಡಿ."

ಎರಡು ಚಳಿಗಾಲ ಗಂಡ ಹೆಂಡತಿ ಆಡಿದ ಮಾತು ಹೆಚ್ಚುಕಡಿಮೆ ಇಷ್ಟೇ. ಮದುವೆಯಾದ ಮೇಲೆ ಇಬ್ಬರೂ ಇಷ್ಟು ಸುಖವಾಗಿ ಎಂದೂ ಮಾತಾಡಿರಲಿಲ್ಲ ಎಂದು ಅವಳಿಗೆ ಆಗಾಗ ಅನ್ನಿಸುತ್ತಿತ್ತು.

ಬಾಲದ ಹಿಂದೆ ಮೇಲೆ ಕೆಳಗೆ ಆಡುವ ಎರಡು ಅಲ್ಯೂಮಿನಿಯಂ ಹಲಗೆಗಳಿರುತ್ತವೆ, ಎಡಕ್ಕೊಂದು, ಬಲಕ್ಕೊಂದು. ಒಂದನ್ನು ಮುಗಿಸಿದರು. ಅದನ್ನೇ ಎದುರಿಗಿಟ್ಟುಕೊಂಡು, ಅದರ ಹಾಗೆಯೇ ಬರಲಿ ಎಂದು ಬಹಳ ಎಚ್ಚರಿಕೆಯಿಂದ ಇನ್ನೊಂದನ್ನೂ ಮುಗಿಸಿದರು. ಮಾರ್ಚಿನ ಒಂದು ಭಾನುವಾರ ಎರಡನ್ನೂ ಬಾಲಕ್ಕೆ ಹಿಡಿದು ನೋಡಿದರೆ ಎರಡೂ ಎಡಗಡೆಯವು. ಒಂದನ್ನು ಮಗುಚಿದರೆ ಬಲಕ್ಕೆ ಕೂಡುತ್ತಿತ್ತು, ಆದರೆ ಕೆಳಗಿರಬೇಕಾದ, ಹಲಗೆಯನ್ನು ಎಳೆದು ಆಡಿಸುವ ಕೊಂಡಿ ಮೇಲೆ ಬರುತ್ತಿತ್ತು. ವರ್ಲಿನ್ ಮೂರು ಸಲ ಮಗುಚಿ ನೋಡಿದ.

ಆರ್ಡಿಸಳಿಗೆ ಭುಜ ನೋಯುತ್ತಿತ್ತು, ಹಸಿವಾಗಿತ್ತು. ಉಕ್ಕಿನ ಗಟ್ಟಿಯನ್ನು ಮೇಜಿನ ಮೇಲೆ ಕುಕ್ಕಿದಳು.

"ಎಡ ಯಾವ್ದು ಬಲ ಯಾವ್ದು ಅಂತ ಗೊತ್ತಿಲ್ಲದ ಗಂಡಸಿನ ವಿಮಾನದಲ್ಲಿ ನಾನು ಕೂರ್ತೀನಾ? ಸತ್ರೂ ಕೂರಲ್ಲ," ಅಂದಳು. "ಬಾ, ಸೂಪು ಆರಿಹೋಗುತ್ತೆ."

"ಬಂದೆ," ಅಂದ ವರ್ಲಿನ್.

ಅಂದಿನಿಂದ ಅವನು ಅವಳನ್ನು ಶೆಡ್ಡಿಗೆ ಕರೆಯಲಿಲ್ಲ. ಕರೆದರೆ ಹೋಗೋಣ ಎಂದು ಅವಳು ಕಾದಳು. ಕರೆಯದೆ ಹೋಗುವುದಕ್ಕೆ ಬಿಗುಮಾನ. ಆರು ವರ್ಷ, ಸಂಜೆಯ ಊಟವಾಗಿ ಪಾತ್ರೆ ತೊಳೆಯುವಾಗ, ಶೆಡ್ಡಿನಿಂದ ಗಾಳಿ ಬಂದೂಕಿನ ಸದ್ದು ಕೇಳಿಸುತ್ತಿತ್ತು. ಒಬ್ಬನೇ ಮಾಡುವ ಉಪಾಯ ಏನೋ ಕಂಡುಕೊಂಡಿದ್ದಾನೆ ಎಂದುಕೊಂಡಳು. ಚರ್ಚಿನಲ್ಲಿ ಯಾರಾದರೂ "ರೆಕ್ಕೆ ಮುಗೀತಂತಲ್ಲ" ಅಂದರೆ, ತಾನೇ ಕಣ್ಣಾರೆ ಕಂಡವಳ ಹಾಗೆ "ಹೂಂ, ಮುಗೀತು" ಅನ್ನುತ್ತಿದ್ದಳು.

*

ಶೆಡ್ಡಿನ ಬಾಗಿಲು ಸರಿಸಿ ಒಳಗೆ ಹೋದವಳು ಖಾಲಿ ಕಸದ ಚೀಲಗಳ ಕಟ್ಟನ್ನು ಬಿಚ್ಚಿದಳು. ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಬಂದಿದ್ದಳು. ಎರಡು ಹಲಗೆಗಳಲ್ಲಿ ಒಂದನ್ನು ಮರೆಮಾಡುವುದು. ಒಂದೇ ಇದ್ದರೆ ತಪ್ಪು ಕಾಣುವುದಿಲ್ಲ. ರೆಕ್ಕೆ ಎಲ್ಲಿ ಅಂದರೆ ಮಾರಿಬಿಟ್ಟ ಅನ್ನುವುದು. ಆದರೆ ಅದಕ್ಕೂ ಮೊದಲು ಗೋಡೆಯ ಮೇಲಿನ ತಗಡುಗಳನ್ನು ತೆಗೆಯಬೇಕಿತ್ತು.

ಮೂರು ಗೋಡೆಯ ತುಂಬ ತಗಡುಗಳಿದ್ದವು. ಎರಡಡಿ ಅಗಲದ ಅಲ್ಯೂಮಿನಿಯಂ ಚೂರುಗಳು, ಒಂದೊಂದರ ಮೇಲೂ ಸಾಲುಸಾಲು ರಿವೆಟ್, ಮೂಲೆಯಲ್ಲಿ ಅವನ ಕೈಬರಹದಲ್ಲಿ ತಾರೀಖು. ಆರು ವರ್ಷ ಅವನು ಕಟ್ಟಿದ್ದು ಇದನ್ನೇ. ಮುಂದಿನಿಂದ ನುಣ್ಣಗಿದ್ದವು. ತಿರುಗಿಸಿದರೆ ಹಿಂದೆ ಒಂದೊಂದು ರಿವೆಟ್ಟೂ ಸೊಟ್ಟ. ಅಷ್ಟಗಲದ ತಗಡಿನ ಹಿಂದಕ್ಕೆ ಒಬ್ಬನ ಕೈ ಎಟಕುವುದಿಲ್ಲ. ಆ ಸಂಜೆ ಅವನು ಸತ್ತು ಬಿದ್ದಿದ್ದಾಗ, ಹಿಡಿಯುವವರಿಲ್ಲದ ಉಕ್ಕಿನ ಗಟ್ಟಿಯನ್ನು ತನ್ನ ಮೊಣಕಾಲಿಗೆ ಬೆಲ್ಟಿನಿಂದ ಬಿಗಿದುಕೊಂಡಿದ್ದ. ಆಂಬುಲೆನ್ಸ್ ಬರುವ ಮೊದಲು ಅವಳು ಅದನ್ನು ಬಿಚ್ಚಿ ಡ್ರಾಯರಿನೊಳಗೆ ತಳ್ಳಿದ್ದಳು.

ಒಂದು ಚೀಲ ತುಂಬಿತು, ತಗಡಿನ ಅಂಚು ಚೀಲವನ್ನು ಸೀಳಿ ಎಲ್ಲವೂ ನೆಲಕ್ಕೆ ಸುರಿಯಿತು. ಬೆರಳು ಕೊಯ್ದು ರಕ್ತ ಬಂತು. ಇನ್ನೊಂದು ಚೀಲ ತೆಗೆದಳು. ಒಂದು ಗೋಡೆಯ ಕಾಲುಭಾಗವೂ ಖಾಲಿಯಾಗಿರಲಿಲ್ಲ. "ಅಯ್ಯೋ ದೇವರೇ, ಇನ್ನು ಹತ್ತು ನಿಮಿಷ ಕೊಡು," ಎಂದು ಗಟ್ಟಿಯಾಗಿಯೇ ಬೇಡಿದಳು. ಹೊರಗೆ ಜಲ್ಲಿಕಲ್ಲಿನ ಮೇಲೆ ಟ್ರಕ್ಕಿನ ಚಕ್ರ ಹೊರಳಿದ ಸದ್ದಾಯಿತು.

ಡ್ವೇನ್ ಒಳಗೆ ಬಂದ, ಅವನ ಹಿಂದೆ ಗುಂಪಿನ ಇನ್ನೊಬ್ಬ ಮುದುಕ ಮಾರ್ವ್. ಇಬ್ಬರೂ ಇನ್ನೂ ಕೋಟು ಟೈಯಲ್ಲೇ ಇದ್ದರು.

"ಆರ್ಡಿಸ್, ನಿನಗೆ ಹುಷಾರಿಲ್ಲ ಅಂತ ಹುಡುಗಿ ಹೇಳಿದ್ಲು," ಅಂದ ಡ್ವೇನ್. "ಕೈಗೇನಾಯ್ತು?"

"ಮಾರಿಬಿಟ್ಟ," ಅಂದಳು, ಯಾರೂ ಏನೂ ಕೇಳುವ ಮೊದಲೇ. "ರೆಕ್ಕೆನ ಮಾರಿಬಿಟ್ಟ. ಒಡಲನ್ನೂ."

"ಯಾರಿಗೆ?"

"ಮೊಂಟಾನಾದವನು ಯಾರೋ. ಹೆಸರು ನನಗೆ ಗೊತ್ತಿಲ್ಲ."

ಡ್ವೇನ್ ನೆಲ ನೋಡಿದ. ರೆಕ್ಕೆ ಕಟ್ಟಿದ ಶೆಡ್ಡಿನ ನೆಲದಲ್ಲಿ ರೆಕ್ಕೆಯನ್ನು ನಿಲ್ಲಿಸಲು ಕಂಬ ಹೂಡಿದ ತೂತುಗಳಿರುತ್ತವೆ. ಇಲ್ಲಿ ಕಾಂಕ್ರೀಟು ಒಂದು ಕಲೆಯೂ ಇಲ್ಲದೆ ನುಣ್ಣಗಿತ್ತು. ಅಷ್ಟರಲ್ಲಿ ಮಾರ್ವ್ ಮೇಜಿನ ಮೇಲಿದ್ದ ಹಲಗೆಗಳನ್ನು ಒಂದೊಂದು ಕೈಯಲ್ಲಿ ಎತ್ತಿ ನೋಡಿ, "ಡ್ವೇನ್, ಇವೆರಡೂ ಎಡಗಡೇವು ಕಣೋ," ಎಂದು ಸಣ್ಣಗೆ ನಕ್ಕ.

"ನಗಬೇಡ," ಅಂದಳು ಆರ್ಡಿಸ್. "ಇವತ್ತೊಂದಿನ ನಗಬೇಡ, ನಿನ್ನ ಕಾಲಿಗೆ ಬೀಳ್ತೀನಿ."

ಮಾರ್ವ್‌ನ ಮುಖ ಕೆಂಪಾಯಿತು. ಹಲಗೆಗಳನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ಅವನು ಆಡ್ಕೊಂಡು ನಕ್ಕಿದ್ದಲ್ಲ," ಅಂದ ಡ್ವೇನ್. "ನಾನೂ ಎರಡು ಎಡ ಮಾಡಿದ್ದೆ. ಮಾರ್ವ್ ಎರಡು ಬಲ ಮಾಡಿದ. ಹನ್ನೊಂದು ಜನದಲ್ಲಿ ಆರು ಜನ ಇದೇ ತಪ್ಪು ಮಾಡಿದ್ದೀವಿ. ನನ್ನದನ್ನ ತಿಂಡಿ ತಿನ್ನೋ ಜಾಗದ ಗೋಡೆ ಮೇಲೆ ನೇತುಹಾಕಿದ್ದೀನಿ, ಹೊಸಬರು ಬಂದ್ರೆ ತೋರ್ಸೋಕೆ. ಅದರ ಕೆಳಗೇ ಕೂತು ಶನಿವಾರ ಶನಿವಾರ ಮೊಟ್ಟೆ ತಿಂದನಲ್ಲ ವರ್ಲಿನ್. ಒಂದು ಮಾತು ಹೇಳಿದ್ರೆ ಆಗಿತ್ತು. ಎರಡು ಸಂಜೆ ನಾವೆಲ್ಲ ಬಂದು ಕೂತಿದ್ರೆ ಬಲದ್ದು ಮುಗೀತಿತ್ತು. ಹಿಡಿಯೋಕೆ ಜನ ಇರ್ಲಿಲ್ವಾ? ಯಾಕೆ ಹೇಳ್ಲಿಲ್ಲ ಅವನು? ನಿನಗಾದ್ರೂ ಏನಾದ್ರೂ ಅಂದಿದ್ನಾ?"

ಇಲ್ಲ ಅಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಅದು ಸುಳ್ಳು ಅನ್ನುವವರು ಯಾರೂ ಇರಲಿಲ್ಲ; ಅನ್ನಬಹುದಾಗಿದ್ದವನನ್ನು ಬೆಳಿಗ್ಗೆ ಮಣ್ಣು ಮಾಡಿದ್ದರು. ಆರ್ಡಿಸ್ ಕೊಯ್ದ ಬೆರಳನ್ನು ಇನ್ನೊಂದು ಕೈಯಲ್ಲಿ ಒತ್ತಿ ಹಿಡಿದಳು.

"ಅವನು ಏನೂ ಅನ್ನಲಿಲ್ಲ. ನಾನಂದೆ," ಅಂದಳು. "ಎಡ ಬಲ ಗೊತ್ತಿಲ್ಲದ ಗಂಡಸಿನ ವಿಮಾನದಲ್ಲಿ ಸತ್ರೂ ಕೂರಲ್ಲ ಅಂದೆ. ಹಿಡಿಯೋದನ್ನ ಬಿಟ್ಟು ಊಟಕ್ಕೆ ಹೋದೆ. ಆರು ವರ್ಷ ಆಯ್ತು. ಮತ್ತೆ ಈ ಬಾಗಿಲಿಗೆ ಬರಲಿಲ್ಲ ನಾನು."

ಡ್ವೇನ್ ಅವಳನ್ನು ನೋಡಿದ. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು, ಅವಳ ಮದುವೆಯಲ್ಲಿ ಮದುಮಗನ ಗೆಳೆಯನಾಗಿ ವರ್ಲಿನ್ ಪಕ್ಕ ನಿಂತಿದ್ದವನು ಅವನೇ. ಹೋಗಲಿ ಬಿಡು ಅನ್ನುತ್ತಾನೆ ಎಂದು ಅವಳು ಕಾದಳು.

"ಹಂಗಂದ್ಯಾ," ಅಂದ ಅವನು. ಅಷ್ಟೇ ಅಂದದ್ದು.

ಆಮೇಲೆ ಅವನು ನೆಲಕ್ಕೆ ಬಿದ್ದಿದ್ದ ತಗಡುಗಳನ್ನು ಒಂದೊಂದಾಗಿ ಎತ್ತಿ, ಹಿಂಬದಿ ತಿರುಗಿಸಿ ನೋಡಿ, ಮತ್ತೆ ಗೋಡೆಯ ಮೊಳೆಗೆ ಸಿಕ್ಕಿಸಿದ. ಅವಳು ಬಿಚ್ಚಿದ್ದನ್ನೆಲ್ಲ ತಾರೀಖಿನ ಪ್ರಕಾರವೇ ಸಿಕ್ಕಿಸಿದ.

"ಬಾಲನಾದ್ರೂ ತಗೊಂಡು ಹೋಗೋಣ," ಅಂದ ಕೊನೆಗೆ. ಅವನೂ ಮಾರ್ವೂ ಬಾಲದ ದೊಡ್ಡ ಭಾಗವನ್ನು ಎರಡು ತುದಿ ಹಿಡಿದು ಎತ್ತಿಕೊಂಡರು. ಬಾಗಿಲ ಹತ್ತಿರ ನಿಂತು, ತಿರುಗಿ ನೋಡದೆಯೇ, "ಹಲಗೆ ನೀನು ತಗೊಂಡು ಬಾ," ಅಂದ.

ಆರ್ಡಿಸ್ ಎರಡು ಹಲಗೆಗಳನ್ನೂ ಒಂದರ ಮೇಲೊಂದಿಟ್ಟು, ಕಾಲು ಅಗಲಿಸಿ, ಉಸಿರು ಬಿಗಿಹಿಡಿದು ಎತ್ತಿದಳು. ತೂಕವೇ ಇರಲಿಲ್ಲ. ಬಿಗಿದ ತೋಳು ತಾನಾಗಿ ಎದೆಯವರೆಗೂ ಎದ್ದುಹೋಯಿತು.

ಅಂಗಳದಲ್ಲಿ ಬಯಲಿನ ಗಾಳಿ ಬೀಸುತ್ತಿತ್ತು. ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಗಾಳಿ ಹಲಗೆಗಳ ಅಡಿಗೆ ನುಗ್ಗಿ ಅವಳ ಕೈಯನ್ನು ಮೇಲಕ್ಕೆ ಎಳೆಯಿತು. ಟ್ರೈಲರಿನ ಹತ್ತಿರದಿಂದ ಡ್ವೇನ್ "ಅಡ್ಡ ತಿರುಗಿಸು ಆರ್ಡಿಸ್, ಗಾಳಿಗೆ ಒಡ್ಡಬೇಡ, ಒಂದನ್ನ ಬಿಟ್ಟುಬಿಡು" ಎಂದು ಕೂಗುತ್ತಿದ್ದ. ಅವಳು ಬಿಡಲಿಲ್ಲ. ಚರ್ಚಿಗೆ ಹಾಕಿಕೊಂಡಿದ್ದ ಬೂಟಿನ ಹಿಮ್ಮಡಿಯನ್ನು ಜಲ್ಲಿಯಲ್ಲಿ ಊರಿ, ಎರಡನ್ನೂ ಎದೆಗೆ ಅವಚಿಕೊಂಡು, ಮುಂದೆಯೂ ಹೋಗಲಾರದೆ ಹಿಂದೆಯೂ ಬರಲಾರದೆ ಅಂಗಳದ ನಡುವೆ ನಿಂತಳು. ಹಲಗೆಗಳು ಅವಳ ತೋಳಿನೊಳಗಿಂದ ಏಳುತ್ತಲೇ ಇದ್ದವು.